ಅತ್ತೆಯ ಅಪ್‌ಡೇಟ್

‘ಅಪ್‌ಡೇಟ್’ ಎನ್ನುವುದು ಫೋನಿಗೆ ಮಾತ್ರ ಸಂಬಂಧಿಸಿದ ಮಾತು ಎಂದುಕೊಂಡವರು ಒಮ್ಮೆ ನಮ್ಮ ಹುಣಸೂರಿನ ಕಡೆ ಬರಬೇಕು. ಇಲ್ಲಿ ಅದನ್ನು ಮನುಷ್ಯರಿಗೇ ಹೇಳುತ್ತೇವೆ. ನಾಲ್ಕೂರಿನ ಸುದ್ದಿ ಬಲ್ಲವರನ್ನು ಕಂಡರೆ ‘ಅವ್ರು ಬಲೇ ಅಪ್‌ಡೇಟ್ ಕಣ್ರೀ’ ಎನ್ನುತ್ತಾರೆ. ಅದರಲ್ಲಿ ಹೊಗಳಿಕೆಯೂ ಇದೆ, ಚೂರು ಭಯವೂ ಇದೆ. ನಮ್ಮ ಮನೆಯಲ್ಲಿ ಆ ಬಿರುದು ನನ್ನ ಅತ್ತೆಯದಾಗಿತ್ತು.

ಹಾರನಹಳ್ಳಿಯಲ್ಲಿದ್ದಾಗ ಅವರು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಆದರೂ ಯಾರ ಬ್ಯಾರನ್ನಿನಲ್ಲಿ ಬೇಯಲಿಟ್ಟ ಹೊಗೆಸೊಪ್ಪು ಕಪ್ಪಾಯಿತು, ಯಾರ ಮಗಳು ಗಂಡನ ಮೇಲೆ ಮುನಿಸಿಕೊಂಡು ಬಂದಿದ್ದಾಳೆ, ಎಲ್ಲ ಗೊತ್ತಿರುತ್ತಿತ್ತು. ಯಾರು ಹೇಳಿದರು ಎಂದರೆ, “ಯಾರಾರ ಬಂದು ಏಳ್ಬೇಕಾ? ಕಣ್ಣು ಕಿವಿ ಮೂಗು ಇಲ್ವಾ? ಅಪ್‌ಡೇಟಾಗಿರ್ಬೇಕು ಕಣಮ್ಮಿ” ಎನ್ನುತ್ತಿದ್ದರು. ನನ್ನ ತವರಿನ ಜಗಳ ನನಗಿಂತ ಮೊದಲು ಅವರಿಗೆ ತಿಳಿದಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎದೆಯ ಆಪರೇಷನ್ ಆದಮೇಲೆ ಅವರನ್ನು ಹುಣಸೂರಿನ ನಮ್ಮ ಮನೆಗೆ ಕರೆತಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದೆವು. ಆ ದಿನಗಳಲ್ಲೇ ಎನ್. ಬೇಗೂರಿನಲ್ಲಿ ಶುಂಠಿ ಬೆಳೆಯುತ್ತಿದ್ದ ಭಾವ, ನನ್ನ ಗಂಡನ ಅಣ್ಣ, ಹೊಲದಲ್ಲೇ ಕುಸಿದು ತೀರಿಕೊಂಡರು. ಸುದ್ದಿ ತಿಳಿದರೆ ಈ ಜೀವವೂ ಉಳಿಯದು ಎಂದರು ನೆಂಟರು. ಅತ್ತೆಯ ಫೋನು ‘ರಿಪೇರಿ’ಗೆ ಹೋಯಿತು. ಕೆ.ಆರ್. ನಗರದಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ನನ್ನ ಗಂಡ ಬೇಗೂರಿಗೆ ಹೊರಟರು. ಹೆತ್ತವಳಿಗೆ ಮಗನ ಸಾವು ಮುಚ್ಚಿಡುವುದು ಯಾವ ಊರಿನ ನ್ಯಾಯ ಎಂದು ನಾನು ಜಗಳಕ್ಕೇ ಬಿದ್ದೆ. “ಅವ್ವನೂ ಓಗ್ಬುಟ್ರೆ ನಾನೇನೇ ಮಾಡ್ಲಿ?” ಎಂದು ಅವರು ಅತ್ತಾಗ ಬಾಯಿ ಮುಚ್ಚಿದೆ.

ಸಾವನ್ನು ಮುಚ್ಚಿಟ್ಟೆವು, ಸೂತಕವನ್ನು ಮಾತ್ರ ಬಿಡಲಾಗಲಿಲ್ಲ. ಸೂತಕದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲವಲ್ಲ, ಸಪ್ಪೆ ಸಾರನ್ನೇ ಬಡಿಸಿದೆ. ಡಾಕ್ಟರು ಎಣ್ಣೆ ಬೇಡ ಅಂದಿದ್ದಾರೆ ಎಂದೆ. ಅತ್ತೆ ಸುಮ್ಮನೆ ಮುದ್ದೆ ಮುರಿದು ನುಂಗಿದರು. ನನ್ನ ಸಾರಿಗೆ ಹೆಸರಿಡದೆ ಅವರು ಉಂಡದ್ದು ಅದೇ ಮೊದಲು. ಆಗ ನನಗದು ಹೊಳೆಯಲಿಲ್ಲ.

ಹನ್ನೊಂದನೇ ದಿನದ ತಿಥಿ ಮುಗಿಸಿ ಗಂಡ ವಾಪಸು ಬಂದ ಮರುದಿನ ಬೆಳಿಗ್ಗೆ ಒಗ್ಗರಣೆಗಿಟ್ಟೆ. ಸಾಸಿವೆ ಚಟಪಟ ಸಿಡಿಯಿತು. ಕೋಣೆಯಿಂದ ಅತ್ತೆಯ ದನಿ ಬಂತು.

“ಮುಗೀತೇನಮ್ಮಿ ಸೂತಕ?”

ಸೌಟು ಹಿಡಿದೇ ಒಳಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು.

“ದೊಡ್ಡೋನೇ ತಾನೆ? ಬ್ಯಾರೆ ಯಾರಾರ ಆಗಿದ್ರೆ ನಂಗೆ ಏಳಿರೋರು.”

ಅವರ ಕಾಲ ಬಳಿ ಕುಳಿತೆ.

“ಚಿಕ್ಕೋನ್ಗೆ ಏಳ್ಬೇಡ, ನಂಗೆ ಗೊತ್ತು ಅಂತ. ಅವ್ನು ತಡ್ಕಳಾಕಿಲ್ಲ.”

ಆಮೇಲೆ ಬದುಕಿದ್ದಷ್ಟು ದಿನವೂ ಅವರು ನನ್ನ ಗಂಡನನ್ನು ಕೇಳುತ್ತಿದ್ದರು.

“ಅಣ್ಣ ಫೋನ್ ಮಾಡಿದ್ನೇನ್ಲಾ?”

“ಮಾಡಿದ್ದ ಕಣವ್ವ. ಶುಂಠಿ ಕೀಳ್ತಾವ್ರಂತೆ.”

“ಸರಿ ಬುಡು.”

ಸುಳ್ಳು ಹೇಳುವವನು ಮಗ, ನಂಬಿದಂತೆ ಕೇಳುವವಳು ತಾಯಿ, ನಡುವೆ ಊಟದ ತಟ್ಟೆ ಹಿಡಿದು ನಾನು. ಮಗ ಅಂಗಡಿಗೆ ಹೋದಮೇಲೆ ಅವರು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಬಾಯಿಬಿಟ್ಟು ಅಳುವುದಕ್ಕೂ ಆ ತಾಯಿಯನ್ನು ನಾವು ಬಿಡಲಿಲ್ಲ, ಪಾಪಿಗಳು.

ಈಗ ಅತ್ತೆಯೂ ಇಲ್ಲ. ಗಂಡ ಆಗಾಗ ಹೇಳುತ್ತಾರೆ, “ಅವ್ವಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ. ಅದೊಂದೇ ಸಮಾಧಾನ ಕಣೆ.” ನಾನು ಹೂಂ ಎನ್ನುತ್ತೇನೆ. ಈ ಮನೆಯಲ್ಲಿ ಅಪ್‌ಡೇಟ್ ಆಗಿರುವವಳು ಈಗ ನಾನೊಬ್ಬಳೇ. ಆ ಬಿರುದು ಇಷ್ಟು ಭಾರ ಎಂದು ಗೊತ್ತಿರಲಿಲ್ಲ.

ದಿನಾ ಸಾಸಿವೆ ಸಿಡಿದಾಗ ಖಾಲಿ ಕೋಣೆಯಿಂದ ಅದೇ ಪ್ರಶ್ನೆ ಬರುತ್ತದೆ. ಅಂದು ಕೊಡದ ಉತ್ತರವನ್ನು ಗಂಡನಿಗೆ ಕೇಳಿಸದಂತೆ ಒಲೆಯ ಮುಂದೆ ನಿಂತು ಕೊಡುತ್ತೇನೆ.

“ಇಲ್ಲ ಅತ್ತೆ, ಇನ್ನೂ ಮುಗುದಿಲ್ಲ.”