ಏರಿ ಕೆಳಗಿನ ಹೊಂಗೆ ಮರಗಳು

ನನ್ನ ಓರಗಿತ್ತಿ ನನಗಿಂತ ಮುಂಚೆ ನನ್ನ ಗಂಡನ ಮನೆಗೆ ಸೊಸೆಯಾಗಿ ಬಂದವಳು. ನಾನು ಆಕೆಯನ್ನು ಅಕ್ಕ ಎಂದೇ ಕರೆಯುತ್ತಾ ಬಂದೆ. ಗೋಡೆಗೆ ಗೋಡೆ ಸೇರಿದ ಎರಡು ಮನೆಗಳು ನಮ್ಮವು. ಹೊಳಲ್ಕೆರೆಗೆ ಹತ್ತಿರದ ಸಣ್ಣ ಊರು. ನಾನು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ, ಅಕ್ಕ ಮನೆಯಲ್ಲಿರುತ್ತಿದ್ದಳು. ಊರಿನ ಅರ್ಧ ಜನಕ್ಕೆ ಅವಳು ದೊಡ್ಡ ಸೊಸೆ, ಇನ್ನರ್ಧ ಜನಕ್ಕೆ ಇಂಥವರ ಹೆಂಡತಿ. ಅವಳನ್ನು ಹೆಸರು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ.

ಕೆರೆ ಏರಿಯ ಕೆಳಗೆ ಒಂದು ಖಾಲಿ ಜಾಗವಿತ್ತು. ಕೋಳಿ ಅಂಗಡಿಯ ಪುಕ್ಕ, ಮದುವೆ ಮನೆಯ ಎಲೆ, ಒಡೆದ ಬಾಟಲಿ ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಬೆಳಿಗ್ಗೆ ವಾಕಿಂಗ್ ಹೋಗುವಾಗ ನಾವಿಬ್ಬರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಒಂದು ದಿನ ಅಕ್ಕ ಅಲ್ಲೇ ನಿಂತುಬಿಟ್ಟಳು.

"ದಿನಾ ಹಿಂಗೇ ಮೂಗು ಮುಚ್ಕಂಡು ಹೋಗಾದೇನೇ? ನಾವೇ ಏನಾರ ಮಾಡಾಣ" ಅಂದಳು.

ಹಾಗೆ ಶುರುವಾಯಿತು. ನಮ್ಮ ಬೀದಿಯ ಹೆಂಗಸರೆಲ್ಲ ಬಂದರು. ಅಕ್ಕ ಯಾರದೋ ಟ್ರ್ಯಾಕ್ಟರ್ ಬೇಡಿ ತಂದಳು. ಕಸ ಹೊತ್ತು ಹಾಕಿದ ಮೇಲೆ ಮೈಯ ವಾಸನೆ ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಬ್ಯಾಂಕ್ ಮ್ಯಾನೇಜರರ ಹೆಂಡತಿ ನಮ್ಮ ಗುಂಪಿಗೆ ಗಾರ್ಡನ್ ಕ್ಲಬ್ ಎಂದು ಹೆಸರಿಟ್ಟರು. ಗಾರ್ಡನ್ ಎಂಬುದು ಯಾರ ಮನೆಯಲ್ಲೂ ಇಲ್ಲದ ನಾವು ಆ ಹೆಸರು ಕೇಳಿ ಬಿದ್ದು ಬಿದ್ದು ನಕ್ಕೆವು.

ಹೂವಿನ ಗಿಡಕ್ಕಿಂತ ನಮ್ಮ ಸೀಮೆಯ ಮರಗಳನ್ನೇ ಬೆಳೆಸೋಣ ಎಂದವಳು ಅಕ್ಕ. ಇಬ್ಬರೂ ರಾಮಗಿರಿಗೆ ಹೋಗಿ ಗುಡ್ಡದ ಬುಡದಲ್ಲಿ ಹೊಂಗೆ, ತಪಸಿ, ಮುತ್ತುಗದ ಬೀಜ ಆರಿಸಿ ತಂದೆವು. ಹಾಲಿನ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ಸಸಿ ಮಾಡಿ ಆ ಜಾಗದಲ್ಲಿ ನೆಟ್ಟೆವು. ಬೇಸಿಗೆಯಲ್ಲಿ ಕೆರೆಯಿಂದ ಕೊಡದಲ್ಲಿ ನೀರು ಹೊತ್ತೆವು. ಬಿಸಿಲಿಗೆ ಸಸಿ ಬಾಡದಿರಲಿ ಎಂದು ಅಕ್ಕ ತನ್ನ ಹಳೇ ಸೀರೆಗಳನ್ನು ಹರಿದು ಸುತ್ತ ಕಟ್ಟಿದಳು. ದೂರದಿಂದ ನೋಡಿದರೆ ಏರಿ ಕೆಳಗೆ ಪುಟ್ಟ ಹೆಂಗಸರು ಸಾಲಾಗಿ ಕುಳಿತಂತೆ ಕಾಣುತ್ತಿತ್ತು.

ಕುರಿ ಕಾಯುವವನೊಬ್ಬ ತನ್ನ ಹಿಂಡನ್ನು ಅದೇ ಜಾಗದಲ್ಲಿ ಹಾಯಿಸಿ ಕೆರೆಗೆ ನೀರಿಗೆ ಬಿಡುತ್ತಿದ್ದ. ಒಮ್ಮೆ ಕುರಿಗಳು ನುಗ್ಗಿ ಒಂದು ಸಾಲು ಸಸಿಯನ್ನು ತಿಂದು ಹಾಕಿದವು. ಅಕ್ಕ ಬೋಳಾದ ಕಡ್ಡಿಗಳ ಮುಂದೆ ಕುಳಿತು ಅತ್ತಳು. ಆಮೇಲೆ ಎದ್ದು ಅವನ ಜೊತೆ ಜಗಳಕ್ಕೆ ನಿಂತಳು.

"ನಾವೆಲ್ಲಿಗ್ ಹೋಗಾದ್ರಮ್ಮ? ನಮ್ಮಪ್ಪನ ಕಾಲ್ದಿಂದ ಇದೇ ದಾರಿ ಐತೆ" ಅಂದ ಅವನು.

"ಒಂದಷ್ಟ್ ವರ್ಷ ಸುತ್ಕಂಡು ಹೋಗಪ್ಪ. ಮರ ಆದ್ಮೇಲೆ ನೆರಳು ನಿನ್ ಕುರಿಗೂ ಐತೆ. ನಾನ್ ಮಾತ್ ಕೊಡ್ತೀನಿ" ಅಂದಳು ಅಕ್ಕ.

ಅವನು ಒಪ್ಪಿದ. ಮಾತಿನಂತೆ ಹಿಂಡನ್ನು ಅತ್ತ ಹೊಲದ ಬದುವಿನ ಮೇಲೆ ಸುತ್ತಿಸಿಕೊಂಡು ಹೋಗತೊಡಗಿದ.

ಮರಗಳು ಬೆಳೆದವು. ಹೊಂಗೆ ಹೂ ಬಿಟ್ಟಾಗ ನೆಲವೆಲ್ಲ ತಿಳಿಗುಲಾಬಿ ಆಗುತ್ತಿತ್ತು, ಜೇನು ಗುಂಯ್‌ಗುಡುತ್ತಿತ್ತು. ಸಂತೆಗೆ ಬಂದವರು ಬುತ್ತಿ ಬಿಚ್ಚುತ್ತಿದ್ದರು, ಬಸ್ಸಿಗೆ ಕಾಯುವವರು ಅಲ್ಲೇ ಬಂದು ನಿಲ್ಲುತ್ತಿದ್ದರು. ಕುರಿಗಳೂ ಮಧ್ಯಾಹ್ನ ಬಂದು ಮಲಗುತ್ತಿದ್ದವು. ನನ್ನ ಬದುಕಿನಲ್ಲಿ ನಾನೂ ಏನೋ ಮಾಡಿದ್ದೇನೆ ಅನ್ನಿಸಿದ್ದು ಆ ಮರಗಳನ್ನು ನೋಡಿದಾಗ ಮಾತ್ರ.

ಆಮೇಲೆ ಅಕ್ಕ ಕ್ಲಬ್ಬಿನ ಅಧ್ಯಕ್ಷೆಯಾದಳು. ಒಂದೆರಡು ಸಭೆಗಳಲ್ಲಿ ಅವಳನ್ನು ವೇದಿಕೆಗೆ ಕರೆದು ಹೆಸರು ಹೇಳಿ ಹಾರ ಹಾಕಿದರು. ಮೊದಲ ಸಲ ಮೈಕಿನಲ್ಲಿ ತನ್ನ ಹೆಸರು ಕೇಳಿದಾಗ ಅಕ್ಕನ ಮುಖದಲ್ಲಿ ಬಂದ ಬೆಳಕನ್ನು ನಾನು ನೋಡಿದ್ದೇನೆ. ಅವತ್ತು ನನಗೂ ಸಂತೋಷವಾಗಿತ್ತು.

ಅಡಿಕೆ ಮಂಡಿಯ ಸಾಹುಕಾರರೊಬ್ಬರು ತಮ್ಮ ತಂದೆಯ ನೆನಪಿಗೆ ಊರಿಗೆ ಏನಾದರೂ ಮಾಡಿಸಬೇಕೆಂದು ಕ್ಲಬ್ಬಿಗೆ ಬಂದರು. ಹುಲ್ಲುಹಾಸು, ಕಾರಂಜಿ, ಊರಿನ ಹೆಸರಿನ ದೊಡ್ಡ ಬಣ್ಣದ ಅಕ್ಷರಗಳು, ರಾತ್ರಿ ದೀಪ. ಜಾಗ ಅದೇ. ಹೊಂಗೆ ಎಲೆ ಉದುರಿ ಕಾರಂಜಿಗೆ ಬೀಳುತ್ತದೆ, ರಸ್ತೆಯಿಂದ ಅಕ್ಷರ ಕಾಣುವುದಿಲ್ಲ, ಆದ್ದರಿಂದ ಮರ ತೆಗೆಯಬೇಕು ಎಂದರು.

ಅಕ್ಕ ಬಿಡುವುದಿಲ್ಲ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಸಭೆಯಲ್ಲಿ ಅವಳೇ ಎದ್ದು ನಿಂತು, "ನಮ್ಮೂರಿಗೂ ಒಂದು ಅಂದ ಬೇಕಲ್ಲ. ಬೇರೆ ಕಡೆ ಸಸಿ ನೆಟ್ರಾಯ್ತು" ಅಂದಳು.

ನಾನು ಎದ್ದೆ. "ಅಕ್ಕಾ, ಏನ್ ಮಾತಾಡ್ತಿದೀಯ? ನಿನ್ ಸೀರೆ ಹರಿದು ಕಟ್ಟಿದ್ ಗಿಡ ಅವು."

ಅವಳು ನನ್ನ ಕಡೆ ನೋಡಲಿಲ್ಲ. "ಸದಸ್ಯರು ಕುಂತ್ಕಳ್ರಿ. ನಿಮ್ ಅಭಿಪ್ರಾಯ ಬರ್ಕಂಡಿದೀವಿ" ಅಂದಳು.

ಮನೆ ಬೇರೆಯಾಗುವ ಮುಂಚೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು ನಾವು. ನನ್ನ ಹೆರಿಗೆಯಲ್ಲಿ ನನ್ನ ಕೈ ಹಿಡಿದು ಕುಳಿತವಳು ಅವಳು. ಅದುವರೆಗೆ ನನ್ನನ್ನು ಏನೇ, ಕಣೇ ಎಂದು ಬಿಟ್ಟರೆ ಬೇರೆ ಥರ ಮಾತನಾಡಿಸಿದವಳಲ್ಲ. ಆ ಒಂದು 'ಕುಂತ್ಕಳ್ರಿ' ನನ್ನನ್ನು ಕೋಣೆಯಿಂದ ಆಚೆಗೆ ನೂಕಿತು. ಮರ ತೆಗೆಯಲು ಒಪ್ಪಿದವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ನನ್ನ ಜೊತೆ ನೀರು ಹೊತ್ತವರು, ನನ್ನ ಪಕ್ಕದಲ್ಲಿ ಕುಳಿತವರು.

ಮರ ಕಡಿಯುವ ದಿನ ನಾನು ಹೋಗಿ ಮರದ ಕೆಳಗೆ ನಿಂತೆ. ಗರಗಸದ ಮಿಷನ್ನಿನವರು ಏನು ಮಾಡಬೇಕೆಂದು ತಿಳಿಯದೆ ಬೀಡಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ನನ್ನ ಗಂಡ ಬಂದರು. ಅವರನ್ನು ಕಳಿಸಿದವಳು ಅಕ್ಕ.

"ನಡಿ ಮನಿಗೆ. ಮರಕ್ಕೋಸ್ಕರ ಅಣ್ಣತಮ್ಮರ ಮಧ್ಯೆ ಬೆಂಕಿ ಹಾಕ್ತೀಯಾ?" ಅಂದರು.

ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಮನೆ ತಲುಪುವುದರೊಳಗೆ ಮಿಷನ್ ಸದ್ದು ಶುರುವಾಗಿತ್ತು. ಹೂವಿನ ಕಾಲ. ಕಡಿದ ಕೊಂಬೆಗಳ ಮೇಲೆ ಸಂಜೆಯವರೆಗೂ ಜೇನುಹುಳ ಹಾರಾಡುತ್ತಿದ್ದವಂತೆ.

ಈಗ ಅಲ್ಲಿ ತಂತಿ ಬೇಲಿಯಿದೆ, ಗೇಟಿಗೆ ಬೀಗವಿದೆ. ಹುಲ್ಲು ಒಂದು ಬೇಸಿಗೆ ದಾಟಲಿಲ್ಲ. ಕಾರಂಜಿಯ ಮೋಟಾರು ಕೆಟ್ಟಿದೆ. ಬಸ್ಸಿಗೆ ಕಾಯುವವರು ಅಂಗಡಿಯ ತಗಡಿನ ಕೆಳಗೆ ಒತ್ತಿಕೊಂಡು ನಿಲ್ಲುತ್ತಾರೆ. ಕುರಿಯವನು ಒಮ್ಮೆ ದಾರಿಯಲ್ಲಿ ಸಿಕ್ಕು, "ನಿಮ್ಮಕ್ಕಾರು ಮಾತ್ ಕೊಟ್ಟಿದ್ರಲ್ರಮ್ಮ" ಅಂದ. ನನ್ನ ಉತ್ತರಕ್ಕೆ ಕಾಯದೆ ಕುರಿಗಳ ಹಿಂದೆ ನಡೆದ.

ನಾನು ಕ್ಲಬ್ ಬಿಟ್ಟೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಅಕ್ಕನಿಗೆ ಆ ಹಾರ, ಆ ಕುರ್ಚಿ ಎಷ್ಟು ಬೇಕಾಗಿತ್ತು ಎಂಬುದು ನನಗೆ ತಿಳಿಯದ್ದಲ್ಲ. ಮೂವತ್ತು ವರ್ಷ ಹೆಸರಿಲ್ಲದೆ ಬೇಯಿಸಿ ಬಡಿಸಿದವಳು. ತಿಳಿದ ಮಾತ್ರಕ್ಕೆ ಕ್ಷಮಿಸಲು ನನ್ನಿಂದ ಆಗಿಲ್ಲ.

ಹೋದ ಚಳಿಗಾಲದಲ್ಲಿ ಪರಿಸರ ರಕ್ಷಣೆಯ ಕೆಲಸಕ್ಕೆಂದು ಚಿತ್ರದುರ್ಗದಲ್ಲಿ ಕ್ಲಬ್ಬಿಗೆ ಸನ್ಮಾನವಾಯಿತು. ಬೀದಿಯ ಹೆಂಗಸರೆಲ್ಲ ವ್ಯಾನ್ ಮಾಡಿಕೊಂಡು ಹೋದರು. ಸಂಜೆ ಅಕ್ಕ ಶಾಲು ಹೊದ್ದುಕೊಂಡೇ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಸ್ವೀಟ್ ಬಾಕ್ಸ್.

"ಇನ್ನೂ ಸಿಟ್ಟೇನೇ?"

"ಹೊಂಗೆ ವಿಷ್ಯ ಹೇಳಿದ್ಯಾ ಅಲ್ಲಿ?" ಎಂದು ಕೇಳಿದೆ.

"ಅದ್ಯಾಕೆ ಈಗ" ಅಂದಳು. ನಾನು ಒಳಗೆ ಬಾ ಅನ್ನಲಿಲ್ಲ. ಬಾಕ್ಸನ್ನು ಕಟ್ಟೆಯ ಮೇಲಿಟ್ಟು ತನ್ನ ಮನೆಗೆ ಹೋದಳು.

ನನ್ನ ಗಂಡ ಅದನ್ನು ಒಳಗೆ ತಂದು ತಿಂದರು. ಚೆನ್ನಾಗೈತೆ ಅಂದರು.