ಒಡಪು ಕೇಳಾಕ ಪ್ಲೇಯರ್ ಬಿಚ್ಚಿಸಿದ್ದು

ನನ್ನ ಹೆಂಡತಿ ಗಿರಿಜಾ ನನ್ನ ಹೆಸರನ್ನು ಇದುವರೆಗೆ ಒಂದೇ ಒಂದು ಸಲ ಹೇಳಿದ್ದಾಳೆ. ಅದೂ ಬ್ಯಾಂಡಿನ ಸದ್ದಿನಲ್ಲಿ ಮುಳುಗಿ ಹೋಯಿತು.

ಮದುವೆಯಲ್ಲಿ ಒಡಪು ಹೇಳಿಸುತ್ತಾರಲ್ಲ, ಅವತ್ತಿನ ಮಾತು. ಮದುಮಗಳು ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಹೇಳದಿದ್ದರೆ ಹೊಸ್ತಿಲು ದಾಟಲು ಬಿಡೋದಿಲ್ಲ. ಗದ್ವಾಲಿನ ಮಾವನ ಮನೆ ಅಂಗಳದಲ್ಲಿ ಗಿರಿಜಾ ಬಾಯಿ ತೆರೆದಳು, ಬ್ಯಾಂಡಿನವನು ಅದೇ ಹೊತ್ತಿಗೆ ಡೋಲು ಬಡಿದ. ಹೆಂಗಸರೆಲ್ಲ ವಾಹ್ ಅಂದರು. ನಾನೂ ಅಂದೆ. (ಕೇಳಿಸಲಿಲ್ಲ ಅಂತ ಮದುಮಗ ಹೇಳೋಕಾಗುತ್ತಾ?)

ಆಮೇಲೆ ಎಷ್ಟು ಬೇಡಿದರೂ ಅವಳು ಇನ್ನೊಮ್ಮೆ ಹೇಳಲಿಲ್ಲ.

“ಅವತ್ತಿಂದು ಅವತ್ತಿಗೇ ಆತು. ದಿನಾ ಹೇಳಾಕ ಅದೇನ್ ರೇಡಿಯೋ ಏನ್ರೀ?”

ಉಳಿದದ್ದು ಮದುವೆ ವಿಡಿಯೋದ ಡಿಸ್ಕ್ ಒಂದೇ. ಅದರಲ್ಲಿ ಅವಳ ತುಟಿ ಆಡುತ್ತದೆ, ಬ್ಯಾಂಡು ಬಾರಿಸುತ್ತದೆ, ನಾನು ಪೆದ್ದನಂತೆ ನಗುತ್ತೇನೆ. ಎಷ್ಟು ಸಲ ಹಾಕಿದರೂ ಅಷ್ಟೇ.

ಆಗ ಸಿಕ್ಕವನು ನಾರಾಯಣಪೇಟೆಯ ಖಾದರ್ ಭಾಯ್. ಟೀವಿ, ಡೆಕ್ಕು, ಆಂಪ್ಲಿಫೈಯರ್, ಏನು ಕೊಟ್ಟರೂ ಬಿಚ್ಚುವವನು. ವಿನಯ ಅನ್ನೋದು ಅವನ ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಡಿಸ್ಕ್ ಹಾಕೋ ನಮ್ಮ ಹಳೆಯ ಪ್ಲೇಯರನ್ನು ಅವನ ಮುಂದಿಟ್ಟೆ.

“ಸಾಬ್, ಕಂಪನಿಯೋರು ಒಳಗ ಸಸ್ತಾ ಮಾಲ್ ತುಂಬ್ತಾರ. ಕೆಪಾಸಿಟರ್ ಬದಲಿ ಮಾಡೂಣು, ಚಿಪ್ ಬದಲಿ ಮಾಡೂಣು, ಪವರ್ ಸಪ್ಲೈ ಅಲಗ್ ಕೊಡೂಣು. ಪಡದಾ ಸರಿಸಿದಂಗ ಆಕ್ಕೈತಿ. ಇಲ್ಲೀತನಕ ಕೇಳಲಾರದ್ದೆಲ್ಲಾ ಕೇಳ್ತೀರಿ ನೋಡ್ರಿ!”

ಮಾಡು ಅಂದೆ. ಒಂದಾದ ಮೇಲೆ ಒಂದು. ಚಿಪ್ ಆಯಿತು. ದಪ್ಪ ವೈರು ಆಯಿತು. ಅಲುಗಾಡಬಾರದು ಅಂತ ನಾಲ್ಕು ರಬ್ಬರ್ ಕಾಲು ಬಂದವು. ಕೊನೆಗೊಂದು ದೊಡ್ಡ ಹೆಡ್‌ಫೋನು. ಪ್ಲೇಯರ್ ನಮ್ಮೂರು ಮಕ್ತಲಕ್ಕೂ ನಾರಾಯಣಪೇಟೆಗೂ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಓಡಾಡಿತು.

“ಇಷ್ಟರಾಗ ಹೊಸಾದ ಬರ್ತಿತ್ತಲ್ಲರೀ?” ಅಂದಳು ಗಿರಿಜಾ. ಈ ಪ್ರಶ್ನೆಗೆ ಜಗತ್ತಿನ ಯಾವ ಸೌಂಡ್ ಹುಚ್ಚನ ಹತ್ತಿರವೂ ಉತ್ತರವಿಲ್ಲ.

ಅವಳು ಸಂತೆಗೆ ಹೋದ ಹೊತ್ತು ನೋಡಿ ಡಿಸ್ಕ್ ಹಾಕಿದೆ. ಸೌಂಡು ನಿಜವಾಗಿ ಸುಧಾರಿಸಿತ್ತೇ? ಅಥವಾ ಖರ್ಚು ಮಾಡಿದವನ ಕಿವಿ ತಾನಾಗಿ ಸುಧಾರಿಸಿಕೊಂಡಿತ್ತೇ? ಆಣೆ ಮಾಡಿ ಹೇಳಲಾರೆ. ಆದರೆ ಹಿಂದೆಲ್ಲೋ ಒಂದು ಕೂಸು ಅಳೋದು ಕೇಳಿತು. ಯಾರೋ ಮಜ್ಜಿಗೆ ಕೇಳಿದ್ದು ಕೇಳಿತು. ಒಡಪಿನ ಗಳಿಗೆ ಬಂತು.

ಡೋಲಿನ ಕೆಳಗಿನಿಂದ ಗಿರಿಜಾಳ ದನಿ ಎದ್ದಿತು. ತೆಲುಗಿನಲ್ಲಿ.

“ಅಕ್ಕಾ, ಮರ್ಚಿಪೋಯಿನ!”

“ಬ್ಯಾಂಡ್ ಉಂದಿ ಗದಾ, ಪೆದವುಲು ಆಡಿಂಚು!” ಅಂತ ಅವಳ ಅಕ್ಕ.

ಮರೆತೇಬಿಟ್ಟೆ ಅಂತ ಇವಳು. ಬ್ಯಾಂಡ್ ಇದೆಯಲ್ಲ, ಬರೀ ತುಟಿ ಆಡಿಸು ಅಂತ ಅವಳು. ಗದ್ವಾಲಿನ ಹೆಣ್ಣುಮಕ್ಕಳಿಗೆ ಗುಟ್ಟಿನ ಮಾತು ಬಂದರೆ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. (ನಮಗೂ ತೆಲುಗು ಬರುತ್ತದೆ ಅನ್ನೋದು ಆ ಗಳಿಗೆಗೆ ಮರೆತುಬಿಡ್ತಾರೆ.)

ಅಂದರೆ ಹೆಸರನ್ನು ಒಂದು ಸಲವೂ ಹೇಳಿಲ್ಲ!

ನಗು ಬರಬೇಕಿತ್ತು. ಬರಲಿಲ್ಲ. ಬೇಜಾರಾಯಿತು, ಸಣ್ಣ ಹುಡುಗರ ಹಾಗೆ. ಇಷ್ಟು ವರ್ಷ ಆ ಎರಡು ಸಾಲಿನಲ್ಲಿ ನನ್ನನ್ನು ಏನಂತ ಹೊಗಳಿರಬಹುದು ಅಂತ ಮನಸ್ಸಿನಲ್ಲೇ ಎಷ್ಟೆಲ್ಲ ಪ್ರಾಸ ಕಟ್ಟಿಕೊಂಡಿದ್ದೆ!

ಕೂತು ಕೊರಗಲೂ ಪುರುಸೊತ್ತು ಸಿಗಲಿಲ್ಲ. ಮರುದಿನವೇ ಗದ್ವಾಲಿನಿಂದ ಗಿರಿಜಾಳ ಅದೇ ಅಕ್ಕ ಬಂದರು, ಮಗಳು ಸುಜಾತಳ ಜೊತೆ. ಸುಜಾತಳ ಮದುವೆ ಹತ್ತಿರ ಬಂದಿತ್ತು. ಅವಳಿಗೆ ಒಡಪು ಕಲಿಸೋದು ಯಾರು? ಇಡೀ ಬಳಗಕ್ಕೇ ಕಲಿಸಿದ ನಮ್ಮ ಗಿರಿಜಾ. ಓಣಿಯ ಹೆಂಗಸರೂ ಬಂದು ಕೂತರು. ಅವರಲ್ಲೊಬ್ಬರು ಹೇಳಿಯೇಬಿಟ್ಟರು.

“ಮೊದ್ಲು ನಿಮ್ ಮದುವಿ ಡಿಸ್ಕ್ ಹಚ್ರಿ. ಪ್ಲೇಯರ್ ಭಾರೀ ರಿಪೇರಿ ಮಾಡಿಸೀರಂತ, ಕೇಳೂಣು.”

ಖಾದರ್ ಭಾಯಿಯ ಚಿಪ್ ಇಡೀ ಓಣಿಯ ಮುಂದೆ ನನ್ನ ಹೆಂಡತಿಯ ಮಾನ ಕಳೆಯಲು ಸಜ್ಜಾಗಿ ಕೂತಿದೆ. ಟೇಬಲ್ಲಿನ ಹಿಂದೆ ಕೈ ಹಾಕಿ ಒಂದು ವೈರು ಕಿತ್ತೆ.

“ಪ್ಲೇಯರ್ ಕೆಟ್ಟೈತ್ರಿ.”

“ಇಷ್ಟೆಲ್ಲಾ ಹಾಕ್ಸಿ ಕೆಟ್ಟೈತಾ?” ಗಿರಿಜಾ ಹಣೆ ಹಣೆ ಬಡಿದುಕೊಂಡಳು. ಎಲ್ಲರೂ ನಕ್ಕರು. ನಗಲಿ ಬಿಡಿ ಅಂದುಕೊಂಡೆ. ಗಂಡನಾಗಿ ನಾನು ಮಾಡಿದ ದೊಡ್ಡ ತ್ಯಾಗ ಅದು. ಯಾರಿಗೂ ಗೊತ್ತಾಗಲಿಲ್ಲ ಅಷ್ಟೇ.

ಸುಜಾತ ಮಾತ್ರ ನಗಲಿಲ್ಲ. ಅವಳ ಮುಖ ಬಾಡಿತ್ತು.

“ಚಿಕ್ಕಮ್ಮಾ, ಅಷ್ಟು ಮಂದಿ ಮುಂದ ಮರೆತ್ರ ಹೆಂಗ?”

“ಮರೆತ್ರ ಏನಾತು? ನಾನೂ ಮರೆತಿದ್ದೆ!” ಅಂದಳು ಗಿರಿಜಾ. “ತುಟಿ ಆಡಿಸ್ದೆ. ಬ್ಯಾಂಡಿನಾಂವಗ ಜೋರಾಗಿ ಬಾರಿಸು ಅಂತ ನಿಮ್ಮವ್ವನೇ ಕೈಸನ್ನಿ ಮಾಡಿದ್ಲು. ನಿನ್ನ ಮದುವ್ಯಾಗ ಆ ಕೆಲಸ ನಾ ಮಾಡ್ತೀನಿ, ಅಂಜಬ್ಯಾಡ.”

ಸುಜಾತಳ ಮುಖ ಅರಳಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾರಿಗೂ ಆಶ್ಚರ್ಯವೇ ಆದಂತಿರಲಿಲ್ಲ. ಅಲ್ಲಿ ಗೊತ್ತಿಲ್ಲದವನು ನಾನೊಬ್ಬನೇ ಇದ್ದೆ. ಕಿತ್ತ ವೈರು ಇನ್ನೂ ಕೈಯಲ್ಲೇ ಇತ್ತು.

ಹಳೆಯ ಪ್ಲೇಯರ್ ಅಪ್‌ಗ್ರೇಡ್ ಮಾಡಿಸಬೇಕೋ ಬೇಡವೋ ಅಂತ ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನೋಡಿ, ಡಿಸ್ಕಿನಲ್ಲಿ ಇಲ್ಲದ್ದನ್ನು ಯಾವ ಚಿಪ್ ಕೂಡ ತಂದುಕೊಡೋದಿಲ್ಲ. ಇರೋದನ್ನು ಕೊಡುತ್ತದೆ. ಅದನ್ನು ತಡೆದುಕೊಳ್ಳೋ ಶಕ್ತಿ ಇದ್ದರೆ ಧಾರಾಳವಾಗಿ ಮಾಡಿಸಿ.

ಅವತ್ತು ಬಂದವರೆಲ್ಲ ಹೋದ ಮೇಲೆ ಅಡುಗೆಮನೆಗೆ ಹೋದೆ.

“ಊರಿಗೆಲ್ಲಾ ಹೇಳಿ, ನನಗೊಬ್ಬಗ ಯಾಕ ಹೇಳಲಿಲ್ಲ?”

ಗಿರಿಜಾ ಶೇಂಗಾ ಹುರಿಯುತ್ತಿದ್ದವಳು ತಿರುಗಿ ನೋಡಿದಳು. “ಅವತ್ತು ಎಲ್ಲಾರಕಿಂತ ಜೋರಾಗಿ ವಾಹ್ ಅಂದೋರು ನೀವ. ಮುಖ ಅಷ್ಟು ಅರಳಿತ್ತು. ಹೆಂಗ ಹೇಳ್ಲಿ?”

ಬೇಜಾರೆಲ್ಲ ಎಲ್ಲಿ ಹೋಯಿತೋ. “ಹಂಗಾರ ಈಗ ಹೇಳು. ಇಲ್ಲಿ ಬ್ಯಾಂಡ್ ಇಲ್ಲ” ಅಂದೆ.

ಅವಳ ಕೆನ್ನೆ ಕೆಂಪಾಯಿತು, ಈ ವಯಸ್ಸಿನಲ್ಲೂ. ಚಟ್ನಿಯ ಜಾರಿಗೆ ಶೇಂಗಾ ಸುರಿದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟಳು, ಮಿಕ್ಸಿ ಆನ್ ಮಾಡಿದಳು, ಆಮೇಲೆ ತುಟಿ ಆಡಿಸಿದಳು.

ಖಾದರ್ ಭಾಯ್ ಮಿಕ್ಸಿಗಳನ್ನೂ ಅಪ್‌ಗ್ರೇಡ್ ಮಾಡ್ತಾನೇನ್ರೀ?