ಕೊಡೆಗಾಡಿಯ ಮುಯ್ಯಿ

ತಾಕತ್ತಿದ್ದರೆ ನನ್ನನ್ನು ನಂಬದೆ ಇರಿ, ನೋಡೋಣ. ಇಡೀ ಆಲೂರು ತಾಲ್ಲೂಕಿನಲ್ಲಿ ಮಡಚುವ ಮನೆಯೊಂದನ್ನು ಜೀಪಿನ ಹಿಂದೆ ಕಟ್ಟಿಕೊಂಡು ಗುಡ್ಡ ಹತ್ತಿದ ಮೊದಲ ಮನುಷ್ಯ ನಾನು. ಅದರಲ್ಲಿ ಬಿಸಿನೀರಿನ ನಲ್ಲಿ ಇತ್ತು, ಬೂರುಗದ ಹತ್ತಿಯ ಹಾಸಿಗೆ ಇತ್ತು, ಮಂಡಿ ಬಗ್ಗದವರು ಕಕ್ಕಸಿಗೆ ಕೂರಲು ಸಿಂಹಾಸನವೂ ಇತ್ತು. ಇಷ್ಟೆಲ್ಲ ಮಾಡಿದವನನ್ನು ಹೆಂಡತಿ, ಮಗಳು, ಗೆಳೆಯ, ಗೆಳೆಯನ ಅಪ್ಪ ಎಲ್ಲ ಸೇರಿ ಮರ ಹತ್ತಿಸಿ ಬಿಟ್ಟುಹೋದರು. ಹೇಳುವ ಮಾತಿನಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಕೊನೆಗೆ ನಾನೇ ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಮೊದಲೇ ಹಿಡಿದರೆ ನೀವು ನನಗಿಂತ ದೊಡ್ಡ ಕಳ್ಳರು.

ಸಕಲೇಶಪುರದ ಅಂಗಡಿಯೊಂದರಲ್ಲಿ ಮೊಳೆ ಕೊಂಡಿದ್ದೆ. ಕಟ್ಟಿಕೊಟ್ಟ ಕಾಗದ ಯಾವುದೋ ಎಸ್ಟೇಟ್ ಬಂಗಲೆಯಿಂದ ರದ್ದಿಗೆ ಬಂದ ಫಾರಿನ್ ಪುಸ್ತಕದ ಹಾಳೆ. ಅದರಲ್ಲೊಂದು ಬಣ್ಣದ ಚಿತ್ರ. ಕಾರಿನ ಹಿಂದಿನ ಸಣ್ಣ ಗಾಡಿಯೊಂದು ಪೆಟ್ಟಿಗೆಯ ಹಾಗೆ ಬಾಯಿ ತೆರೆದು, ಎರಡೂ ಕಡೆ ಮಂಚ ಚಾಚಿ, ಮೇಲೆ ಡೇರೆ ಎತ್ತಿಕೊಂಡು ನಿಂತಿತ್ತು. ಮುಂದೆ ಒಂದು ಸಂಸಾರ ಟೀ ಕುಡಿಯುತ್ತ ಕೂತಿತ್ತು. ಕೆಳಗೆ, ಇಂಥ ಗಾಡಿಯಲ್ಲಿ ರಜೆಗೆ ಹೋಗುವವರು ಏನೇನು ಸಾಮಾನು ಇಟ್ಟುಕೊಂಡರೆ ಸುಖ ಎಂಬ ಪಟ್ಟಿ. ಹಾಸನದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದ ಮಗಳು ರಜೆಗೆ ಬಂದಿದ್ದಳು, ಓದಿ ಹೇಳಿದಳು.

"ಅಪ್ಪ, ಕಾಡಲ್ಲಿ ಕಾಲಿಗೆ ಕಾರ್ಪೆಟ್ ಬೇರೆ ಹಾಸ್ಕತಾರಂತೆ ಕಣಪ್ಪ!"

ನನ್ನ ಹೆಂಡತಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇದ್ರಲ್ಲಿ ಒಲೆ ಮುಂದೆ ಯಾರ್ ಕೂತವ್ರೆ? ಆ ಹೆಂಗ್ಸು ನೋಡು, ಕಾಲ್ಮೇಲ್ ಕಾಲ್ ಹಾಕ್ಕಂಡ್ ಮಾರಾಣಿ ಕೂತಂಗ್ ಕೂತವ್ಳೆ" ಎಂದಳು. ಹಾಳೆಯನ್ನು ಒಲೆಗೆ ಹಾಕದೆ ಮಡಚಿ ಸಕ್ಕರೆ ಡಬ್ಬದ ಕೆಳಗಿಟ್ಟಳು. ಮದುವೆಯಾದ ಮೇಲೆ ಅವಳು ಮಲಗಿದ್ದು ಎರಡೇ ಜಾಗದಲ್ಲಿ, ನಮ್ಮ ಮನೆ, ಅವಳ ತವರು. ಮೂರನೆಯ ಜಾಗದಲ್ಲಿ ಒಂದು ರಾತ್ರಿಯೂ ಕಳೆದವಳಲ್ಲ. ಇವಳನ್ನು ಆ ಚಿತ್ರದ ಹೆಂಗಸಿನ ಹಾಗೆ ಕೂರಿಸಿ, ಮೂರನೆಯ ಜಾಗದಲ್ಲಿ ಮಲಗಿಸದಿದ್ದರೆ ನಾನು ಗಂಡಸೇ ಅಲ್ಲ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಆಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದವನು ನನ್ನ ಬಾಲ್ಯದ ಗೆಳೆಯ. ಶಾಲೆಯಲ್ಲಿ ಮೇಷ್ಟರ ಸೈಕಲ್ಲನ್ನು ಹುಣಸೆಮರಕ್ಕೆ ಏರಿಸಿದವರು ನಾವಿಬ್ಬರು, ಏಟು ತಿಂದವನು ಅವನೊಬ್ಬ. ನನ್ನ ಹಳೆಯ ಟ್ರೇಲರಿಗೆ ಅವನು ಕೀಲು ಹಾಕಿದ, ಕಬ್ಬಿಣದ ಪೈಪು ಬಗ್ಗಿಸಿ ಕೊಡೆಯ ಕಡ್ಡಿಯ ಹಾಗೆ ನಿಲ್ಲಿಸಿದ. ಅದರ ಮೇಲೆ ಲಾರಿಯ ಟಾರ್ಪಾಲು ಹೊದಿಸಿದೆವು. ಎಳೆದರೆ ಬಿಚ್ಚಿಕೊಳ್ಳುವುದು, ತಳ್ಳಿದರೆ ಮಡಚಿಕೊಳ್ಳುವುದು. ಊರಿನವರು ಕೊಡೆಗಾಡಿ ಎಂದು ಹೆಸರಿಟ್ಟರು. ಎಳೆಯುವ ಜೀಪು ಅವನದೇ. ಇಷ್ಟಕ್ಕೂ ಅವನು ಕೂಲಿ ಕೇಳಲಿಲ್ಲ. ನಮ್ಮಲ್ಲಿ ಮುಯ್ಯಿ ನಡೆಯುತ್ತದೆ. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀನು. ಅವನು ಒಂದು ದಿನ ವೆಲ್ಡ್ ಮಾಡಿದರೆ ನಾನು ಒಂದು ದಿನ ಮಗ್ಗೆ ಎಂಬ ಊರಿನ ಹತ್ತಿರ ಅವನ ಅಪ್ಪನ ತೋಟದಲ್ಲಿ ದುಡಿಯಬೇಕು, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಫಿ ಕೊಯ್ಲು ಮುಗಿದ ಮೇಲೆ ನಾವು ಮೂವರು, ಗೆಳೆಯ, ಅವನ ಹೆಂಡತಿ, ಒಟ್ಟು ಐದು ಜನ ದೋಣಿಗಲ್ ಮೇಲಿನ ಹುಲ್ಲುಗುಡ್ಡಕ್ಕೆ ಹೊರಟೆವು. ಜಾಗ ಪರಿಚಯದವರ ಎಸ್ಟೇಟಿನದು. ಕೆಳಗೆ ಘಾಟಿಯ ಲಾರಿಗಳು ಇರುವೆಯ ಹಾಗೆ ಕಾಣುತ್ತಿದ್ದವು. ಗಾಡಿ ಓರೆಯಾಗಿ ನಿಂತಿತು, ಮಂಚದ ಮೇಲಿಟ್ಟ ದಿಂಬು ಉರುಳಿಕೊಂಡು ಆಚೆ ಹೋಯಿತು. ಕೂರಲು ಕುರ್ಚಿ ಇಲ್ಲ. ಹೆಂಡತಿ ಇಲ್ಲಿಯೂ ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚತೊಡಗಿದಳು.

ಸಂಜೆ ದೀಪ ಹಚ್ಚುವ ಹೊತ್ತು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅಡಿಗೆಗೆಂದು ತಂದಿದ್ದ ಎರಡು ಮೊರ ತೆಗೆದುಕೊಂಡು ಲಂಟಾನ ಪೊದೆಯ ಹಿಂದೆ ಹೋದೆ. ಒಣಕೊಂಬೆಗಳನ್ನು ಪಟಪಟ ಮುರಿದೆ. ಮೊರಗಳನ್ನು ಕಿವಿಗೆ ಹಿಡಿದು ಬೀಸುತ್ತ, "ಆನೆ! ಆನೆ!" ಎಂದು ಕೂಗಿ, ಮೂಗಿನಿಂದ ಘೀಳಿಟ್ಟೆ. ನಿಮ್ಮಾಣೆ, ನಿಜವಾದ ಆನೆ ಕೇಳಿದ್ದರೂ ತಿರುಗಿ ನೋಡುತ್ತಿತ್ತು.

ನನ್ನ ಹೆಂಡತಿಯ ತವರಿನಲ್ಲಿ ಆ ಹೆಸರನ್ನು ಕತ್ತಲಾದ ಮೇಲೆ ಬಾಯಲ್ಲಿ ಆಡುವುದಿಲ್ಲ, 'ದೊಡ್ಡೋರು' ಎನ್ನುತ್ತಾರೆ. ಭತ್ತದ ಗದ್ದೆ ಬೆಳಗಾಗುವುದರಲ್ಲಿ ಕೆಸರಾಗಿದ್ದನ್ನು ಅವಳು ಕಣ್ಣಾರೆ ಕಂಡವಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೂಗಿದೆ. ಅವಳು ಮಗಳ ಕೈ ಹಿಡಿದುಕೊಂಡು ಬರಿಗಾಲಲ್ಲಿ ಇಳಿಜಾರಿನಲ್ಲಿ ಓಡಿದಳು, ಜಾರಿದಳು, ಮಂಡಿ ತಿರುಚಿಕೊಂಡು ಬಿದ್ದಳು. ನಾನು ಮೊರ ಹಿಡಿದು ಈಚೆ ಬಂದಾಗ ಯಾರೂ ನಗಲಿಲ್ಲ.

"ನಿಮ್ ಗಾಡೀಲಿ ಇನ್ ನಾನ್ ಕಾಲಿಡಾಕಿಲ್ಲ" ಎಂದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಆಗಲೇ ಗಾಡಿ ಮಡಚಿ ಮನೆಗೆ ಬಂದೆವು.

ಮಂಡಿ ವಾಸಿಯಾಯಿತು, ಆದರೆ ಪೂರ್ತಿ ಮಡಿಸಲು ಬಾರದು. ನೆಲದ ಮೇಲೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಆಮೇಲಿನ ಎರಡು ವರ್ಷ ನಾನು ಬೇರೆ ಕುಚೇಷ್ಟೆ ಮಾಡಲಿಲ್ಲ (ಹೋಗಲಿ, ಕಡಿಮೆ ಮಾಡಿದೆ). ಆ ಹಾಳೆಯನ್ನು ಮುಂದಿಟ್ಟುಕೊಂಡು ಗಾಡಿಗೆ ಸುಖ ಕೂಡಿಸಿದೆ.

ಓರೆ ನಿಂತ ಗಾಡಿಯಲ್ಲಿ ಯಾವ ಸುಖವೂ ಇಲ್ಲ. ಚಕ್ರದ ಕೆಳಗಿಡಲು ಮರದ ತುಂಡುಗಳನ್ನು ಕೊಯ್ಯಿಸಿದೆ. ಮಟ್ಟ ನೋಡಲು ಗಾರೆಯವರ ಹಾಗೆ ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿಟ್ಟೆ. ಆ ಫಾರಿನ್ ಪಟ್ಟಿಯಲ್ಲಿ ಕಕ್ಕಸಿಗೆ ಏನೋ ಔಷಧಿ ಸುರಿಯಬೇಕು ಎಂದಿತ್ತು. ನಾನು ಕಬ್ಬಿಣದ ಕುರ್ಚಿಯ ನಡುವೆ ತೂತು ಕೊರೆಸಿ, ಕೆಳಗೆ ಬಕೆಟ್ ಇಟ್ಟು, ಪಕ್ಕದಲ್ಲಿ ಬೂದಿ ಬೆರೆಸಿದ ಕಾಫಿ ಹೊಟ್ಟಿನ ಡಬ್ಬ ಇಟ್ಟೆ. ಒಂದು ತೆಂಗಿನ ಚಿಪ್ಪಿನಷ್ಟು ಹಾಕಿದರೆ ವಾಸನೆಯ ಸುದ್ದಿಯೇ ಇಲ್ಲ. ಸ್ಟೋವಿನ ಸುತ್ತ ತಾಮ್ರದ ಕೊಳವೆ ಸುತ್ತಿಸಿದೆ, ಅನ್ನ ಬೇಯುವಷ್ಟರಲ್ಲಿ ಆಚೆ ಕಡೆಯ ನಲ್ಲಿಯಲ್ಲಿ ಬಿಸಿನೀರು. ಅದು ಬೀಳಲು ಅರ್ಧಕ್ಕೆ ಕೊಯ್ದ ಡ್ರಮ್ಮು, ಕಾಲು ಇಳಿಬಿಟ್ಟು ಕೂರಬಹುದು. ಜಿಗಣೆಗೆ ಹೊಗೆಸೊಪ್ಪು, ಸುಣ್ಣದ ಬಟ್ಟೆಗಂಟು. ಬಾಗಿಲ ಪಕ್ಕ ಬೊಟ್ಟಿಡಲು ಅಂಗೈಯಗಲದ ಕನ್ನಡಿ. ಕಾಫಿ ಮೂಟೆಯ ಗೋಣಿ ಹೊಲಿಸಿ ಐದು ಮಡಚುವ ಕುರ್ಚಿ ಮಾಡಿದೆ. ಒಂದಕ್ಕೆ ಮಾತ್ರ ಎತ್ತರದ ಕೈ, ಒತ್ತಿಕೊಂಡು ಏಳಲು. ಗಾಡಿ ಹತ್ತಲು ಎರಡು ಮೆಟ್ಟಿಲು, ಪಕ್ಕಕ್ಕೊಂದು ಹಿಡಿ.

ಅವಳು ಇದ್ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಗೆಳೆಯ ಮಾತ್ರ ಪ್ರತಿ ಸಲ ಏನಾದರೊಂದು ತಿದ್ದುತ್ತಿದ್ದ.

"ಹಿಡಿ ಇನ್ನೆರಡ್ ಇಂಚ್ ಮ್ಯಾಲಿರ್ಲಿ ಕಣೋ."

"ನಿಂಗೇನ್ ಗೊತ್ಲಾ?"

"ಗೊತ್ತಾಯ್ತದೆ ಬುಡು ಮಾರಾಯ. ಕಬ್ಣ ಹೇಳ್ತದೆ."

ಕಬ್ಬಿಣ ಹೇಳುತ್ತದಂತೆ! ನಾನು ನಂಬಿದೆ. ಊರಿಗೆಲ್ಲ ಟೋಪಿ ಹಾಕಿದ ನಾನು. ಸಂತೆಯ ದಿನ ನನ್ನ ಹೆಂಡತಿ ತರಕಾರಿ ಚೀಲವನ್ನು ಅವನ ಅಂಗಡಿಯಲ್ಲಿಟ್ಟು, ಅದೇ ಕುರ್ಚಿಯಲ್ಲಿ ಕೂತು, ಎದ್ದು, ಅದೇ ಮೆಟ್ಟಿಲು ಹತ್ತಿ ಇಳಿದು ಅಳತೆ ಹೇಳಿ ಬರುತ್ತಿದ್ದಳು ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಬೇಸಿಗೆ, ಕಾಫಿ ಹೂಮಳೆ ಬಿದ್ದ ವಾರ. "ಗಾಡಿ ಸಿದ್ಧವಾಯ್ತು. ಬರ್ತೀಯಾ?" ಎಂದು ಹೆಂಡತಿಯನ್ನು ಕೇಳಿದೆ.

"ನೋಡಾನ" ಎಂದಳು.

ಎರಡು ವರ್ಷದಲ್ಲಿ ಆ ವಿಷಯಕ್ಕೆ ಅವಳು ಕೊಟ್ಟ ಮೊದಲ ಉತ್ತರ ಅದು. ನಾನು ಕುಣಿದಾಡಿಬಿಟ್ಟೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಕುರ್ಚಿಗಳನ್ನು ಮಡಚಿ ಗಾಡಿಯ ಅಡಿಯ ಕಂಬಿಗೆ ಒಂದೊಂದಾಗಿ ಹಗ್ಗದಲ್ಲಿ ಬಿಗಿದೆ. ಗಾಡಿಯನ್ನು ಗೆಳೆಯನ ಅಂಗಡಿಗೆ ಬಿಟ್ಟುಬಂದೆ. ಆಗ ಅವನೆಂದ, "ಹೊರ್ಡಾಕ್ ಮೊದ್ಲು ಹಳೇ ಮುಯ್ಯಿ ಒಂದ್ ಬಾಕಿ ಐತೆ ಕಣೋ. ನಾಳೆ ಅಪ್ಪನ್ ತೋಟಕ್ಕೆ ಬಂದ್ಬುಡು, ಮೆಣಸ್ ಕೀಳಾನ."

ಬೆಳಿಗ್ಗೆ ಮೊದಲ ಬಸ್ಸಿಗೇ ಮಗ್ಗೆಗೆ ಹೋದೆ. ಗೆಳೆಯ ಇರಲಿಲ್ಲ. ಅವನ ಅಪ್ಪ, ಎಂಬತ್ತು ದಾಟಿದ ಮುದುಕ, ಎಲೆಅಡಿಕೆ ಹಾಕಿಕೊಂಡು ಕೂತಿದ್ದ. "ಬತ್ತಾನೆ ಬುಡು, ನೀ ಹತ್ತು" ಎಂದು ಒಂಟಿ ಬಿದಿರಿನ ಏಣಿ ತೋರಿಸಿದ. ಕಾಳುಮೆಣಸಿನ ಬಳ್ಳಿ ಹಬ್ಬಿದ ರಸ್ತೆಬದಿಯ ಸಿಲ್ವರ್ ಮರಕ್ಕೆ ಏಣಿ ಕಟ್ಟಿತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡು ತುದಿಯವರೆಗೆ ಹತ್ತಿದೆ. ಅರ್ಧ ಚೀಲ ಮೆಣಸಾಗಿತ್ತು, ಜೀಪಿನ ಸದ್ದು ಕೇಳಿತು.

ಮೇಲಿನಿಂದ ಎಲ್ಲ ಚೆನ್ನಾಗಿ ಕಂಡಿತು. ಗೆಳೆಯನ ಜೀಪು, ಹಿಂದೆ ನನ್ನ ಕೊಡೆಗಾಡಿ. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ, ಮದುವೆ ಮನೆಗಷ್ಟೇ ಹಾಕುವ ನೀಲಿ ಸ್ವೆಟರಿನಲ್ಲಿ. ಹಿಂದೆ ಗೆಳೆಯನ ಹೆಂಡತಿ, ಅವಳ ಪಕ್ಕ ಹಾಸನದ ಹಾಸ್ಟೆಲಿನಲ್ಲಿರಬೇಕಾದ ನನ್ನ ಮಗಳು. ಮಗಳು ಮರದ ತುದಿಯತ್ತ ಕೈ ಬೀಸಿದಳು. ಗೆಳೆಯ ಎರಡು ಸಲ ಹಾರನ್ ಹೊಡೆದ. ಹೆಂಡತಿ ನೇರ ಮುಂದಕ್ಕೇ ನೋಡುತ್ತಿದ್ದಳು.

"ನಿಲ್ಲಿಸ್ರೋ!" ಎಂದು ಕೂಗಿ ಇಳಿಯಹೋದೆ.

"ಇಳೀಬ್ಯಾಡ ಕಣ್ಲಾ, ಹಗ್ಗ ಸಡ್ಲ ಆಗೈತೆ. ತಡಿ, ಕಟ್ತೀನಿ" ಎಂದ ಮುದುಕ. ಎಲೆಗೆ ಸುಣ್ಣ ಸವರಿದ. ಬಾಯಿಗೆ ಹಾಕಿದ. ಅಗಿದ. ಉಗಿದ. ಆಮೇಲೆ ಹಗ್ಗಕ್ಕೆ ಕೈಯಿಟ್ಟ. ಅಷ್ಟರಲ್ಲಿ ರಸ್ತೆಯ ಧೂಳೂ ಇಳಿದಿತ್ತು. ಹಗ್ಗ ಸಡಿಲವಾಗಿರಲೇ ಇಲ್ಲ.

"ಮುಯ್ಯಿ ಅಂದ ನಿಮ್ಮಗ! ಮುಯ್ಯಿಗೆ ಅಂತ ಬಂದೆ ನಾನು!"

"ಹೂಂ ಮತ್ತೆ, ತೀರ್ಸವ್ನಲ್ಲ ಮುಯ್ಯಿ" ಎಂದ ಮುದುಕ. "ಮೇಷ್ಟ್ರ ಸೈಕಲ್ದೂ ಸೇರಿಸ್ಕಂಡಂತೆ."

ನಮ್ಮ ಭಾಷೆಯಲ್ಲಿ ಆ ಮಾತಿಗೆ ಎರಡು ಬಾಯಿ. ಆಳಿಗೆ ಆಳು ಹೋಗುವುದೂ ಮುಯ್ಯಿ, ಸೇಡು ತೀರಿಸುವುದೂ ಮುಯ್ಯಿ. ನಾನು ಒಂದಕ್ಕೆ ಬಂದೆ, ಅವನು ಇನ್ನೊಂದಕ್ಕೆ ಕರೆದಿದ್ದ. ಸುಮ್ಮನಿರುವವನೇ ನಾನು? ಮುದುಕನ ಜಗಲಿಯ ಮೇಲಿದ್ದ ಎರಡು ಮೊರ ಕಂಕುಳಲ್ಲಿ ಇರುಕಿಕೊಂಡು ಆಲೂರಿಗೆ, ಅಲ್ಲಿಂದ ಸಕಲೇಶಪುರಕ್ಕೆ ಬಸ್ಸು ಹತ್ತಿದೆ. ಎಲ್ಲಿಗೆ ಹೋಗಿದ್ದಾರೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ.

"ಏನ್ ಯಜಮಾನ್ರೆ, ಭತ್ತ ಕೇರಾಕೆ ಘಾಟಿಗ್ ಹೊಂಟ್ರಾ?" ಎಂದ ಕಂಡಕ್ಟರ್.

"ಆನೆ ಆಗಾಕೆ" ಎಂದೆ.

"ಹಂಗಾರೆ ಲಗೇಜ್ ಟಿಕೆಟ್ ತಗಳಿ, ಸೊಂಡ್ಲಿಗೆ."

ಇಡೀ ಬಸ್ಸು ನಕ್ಕಿತು. ನನಗೆ ನಗು ಬರಲಿಲ್ಲ. ಆ ಹಾಸಿಗೆಯ ಹತ್ತಿ ಹಿಂಜಿದವನು ನಾನು, ಆ ನಲ್ಲಿಗೆ ಕೊಳವೆ ಬಗ್ಗಿಸಿದವನು ನಾನು. ಸಕಲೇಶಪುರದಿಂದ ಲಾರಿಯೊಂದು ದೋಣಿಗಲ್‌ವರೆಗೆ ಬಿಟ್ಟಿತು. ಗುಡ್ಡ ಹತ್ತಿ ಅದೇ ಲಂಟಾನ ಪೊದೆಯ ಹಿಂದೆ ಬಂದು ನಿಂತಾಗ ಬಿಸಿಲು ಇಳಿಯುತ್ತಿತ್ತು.

ಗಾಡಿ ಮಟ್ಟವಾಗಿ ನಿಂತಿತ್ತು. ಎಷ್ಟು ಮಟ್ಟ ಎಂದರೆ, ಕನ್ನಡಿಯಲ್ಲಿ ಎದುರಿನ ಬೆಟ್ಟದ ಸಾಲು ನೇರವಾಗಿ ಕೂತಿತ್ತು. ಒಲೆಯ ಮುಂದೆ ಗೆಳೆಯ ಇದ್ದ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ. ನನ್ನ ಹೆಂಡತಿ ಎತ್ತರದ ಕೈಯ ಕುರ್ಚಿಯಲ್ಲಿ, ಬಿಸಿನೀರಿನ ಡ್ರಮ್ಮಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ಪಕ್ಕದಲ್ಲಿ ಐದನೆಯ ಕುರ್ಚಿ ಬಿಚ್ಚಿ ಇಟ್ಟಿತ್ತು, ಖಾಲಿ. ಅವಳು ಏನೋ ಹೇಳುತ್ತ ಎರಡೂ ಅಂಗೈಗಳನ್ನು ಕಿವಿಗೆ ಹಿಡಿದು ಬೀಸಿದಳು. ಮೂಗಿನಿಂದ ಸದ್ದು ಮಾಡಿದಳು. ನನ್ನನ್ನೇ ಆಡಿ ತೋರಿಸುತ್ತಿದ್ದಳು! ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಒಪ್ಪಬೇಕು, ನನಗಿಂತ ಚೆನ್ನಾಗಿ ಮಾಡಿದಳು.

ನಾನು ಮೊರಗಳನ್ನು ಕಿವಿಗೆ ಎತ್ತಿದೆ. ಒಂದು ಕೂಗು ಸಾಕಾಗಿತ್ತು. ಆಗ ಅವಳು ಕುರ್ಚಿಯ ಕೈಗಳನ್ನು ಒತ್ತಿ ಎದ್ದಳು, ಯಾರ ಕೈಯನ್ನೂ ಬೇಡದೆ. ಹಿಡಿಯನ್ನು ಹಿಡಿದು ಎರಡು ಮೆಟ್ಟಿಲು ಹತ್ತಿದಳು. ಹಾಸಿಗೆಯನ್ನು ಎರಡು ಸಲ ತಟ್ಟಿ ನೋಡಿದಳು. ದಿಂಬು ಉರುಳಲಿಲ್ಲ. ನಾನು ಈಚೆ ಬಂದರೆ ಅವಳು ಇವತ್ತೂ ಅಲ್ಲಿ ಮಲಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೊರಗಳನ್ನು ಪೊದೆಯ ಬುಡದಲ್ಲಿಟ್ಟು ಗುಡ್ಡ ಇಳಿದೆ. ಮನೆಗೆ ಬಂದು ಹಸುವಿಗೆ ಹುಲ್ಲು ಹಾಕಿದೆ.

ಮೂರನೆಯ ದಿನ ಗಾಡಿ ವಾಪಸು ಬಂತು. ಗೆಳೆಯ ಜೀಪಿನಿಂದ ಇಳಿಯದೆ, "ಮೆಣಸು ಹೆಂಗಿತ್ತೋ?" ಎಂದ. ಅವನೊಂದಿಗೆ ಈಗ ಮಾತಾಡುತ್ತೇನೆ, ಕಾಫಿಯನ್ನೂ ಕುಡಿಯುತ್ತೇನೆ. ಕ್ಷಮಿಸಿಲ್ಲ.

ಮಡಚಿದ ಡೇರೆಯ ಮೇಲೆ ಎರಡು ಮೊರ ಕಟ್ಟಿದ್ದವು. ಹೆಂಡತಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಅಲ್ಲೇ ಬುಟ್ಟಿದ್ರೆ ಗೆದ್ಲು ತಿಂತಿತ್ತು. ಮಗ್ಗೆ ಅಜ್ಜನ್ವು, ಕೊಟ್ಬುಟ್ ಬನ್ನಿ."

"ಹಾಸಿಗೆ ಹೆಂಗಿತ್ತು?"

"ಹಾಸ್ಗೇದೇನ್ ತಪ್ಪೈತೆ? ಚೆನ್ನಾಗಿತ್ತು" ಎಂದು ಒಳಗೆ ಹೋದಳು.

ಈಗ ಸುಳ್ಳಿನ ಲೆಕ್ಕ. ಬಿಸಿನೀರಿನ ನಲ್ಲಿಯೇ ಸುಳ್ಳು ಎಂದುಕೊಂಡಿರಿ, ಅಲ್ಲವೇ? ಅದು ನಿಜ, ಕೊಳವೆ ಇನ್ನೂ ನಮ್ಮ ಅಟ್ಟದಲ್ಲಿದೆ. ಮುದುಕನ ಎಲೆಅಡಿಕೆಯೂ ನಿಜ. ಸುಳ್ಳು ಆ ಖಾಲಿ ಕುರ್ಚಿ. ಗುಡ್ಡದ ಮೇಲೆ ನಾಲ್ಕೇ ಕುರ್ಚಿ ಇದ್ದವು. ಐದನೆಯದು ಗಾಡಿಯ ಅಡಿಯ ಕಂಬಿಯಲ್ಲೇ ಇತ್ತು. ವಾಪಸು ಬಂದ ದಿನ ಬಗ್ಗಿ ನೋಡಿದೆ, ನಾನು ಹಾಕಿದ ಗಂಟು ಹಾಕಿದ ಹಾಗೇ ಇತ್ತು.